ಆ ಟಿಕ್ಕು ಇಟ್ಟವರು ಯಾರು?

ಹೂಲಿಯಲ್ಲಿ ಎರಡು ಮನೆಗಳ ನಡುವಿನ ಗೋಡೆ ಎದೆಮಟ್ಟ ಇದ್ದರೆ ಸಾಕು, ಅದರ ಮೇಲೆ ಮೊಣಕೈ ಊರಿ ಆಡುವ ಮಾತಿಗೆ ಮಿತಿಯಿಲ್ಲ. ನವಿಲುತೀರ್ಥದ ಡ್ಯಾಮಿನಲ್ಲಿ ನೀರು ಎಷ್ಟಾಯಿತು, ಸವದತ್ತಿ ಪೇಟೆಯಲ್ಲಿ ಕಡಲೆಗೆ ಏನು ದರ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಯಾರ ಯಾರ ಗಾಡಿ ಹೊರಟವು, ಪಂಚಲಿಂಗೇಶ್ವರ ಗುಡಿ ನೋಡಲು ಬಂದ ಪರಸ್ಥಳದವರು ಏನೇನು ಕೇಳಿದರು, ಎಲ್ಲವೂ ಅಲ್ಲೇ ಇತ್ಯರ್ಥ. ಈಚೆಗೆ ಅದೇ ಗೋಡೆಗೆ ಇನ್ನೊಂದು ವಿಷಯ ಸೇರಿದೆ: ಇ-ಮೇಲು. ವಿದ್ಯಾರ್ಥಿವೇತನ, ಪಿಂಚಣಿ, ಬ್ಯಾಂಕು, ಬಸ್ಸಿನ ಟಿಕೀಟು, ಆಸ್ಪತ್ರೆಯ ರಿಪೋರ್ಟು, ಯಾವುದಕ್ಕೆ ಅರ್ಜಿ ಹಾಕಿದರೂ ‘ನಿಮ್ಮ ಮೇಲಿಗೆ ಕಳಿಸಿದ್ದೇವೆ’ ಎನ್ನುವ ಕಾಲ ಇದು. ಕಳಿಸಿದ್ದೇನೋ ನಿಜ. ಕಳಿಸಿದ್ದು ಕೈಗೆ ಸಿಗಬೇಕಲ್ಲ!

ನಮ್ಮ ಪಕ್ಕದ ಮನೆಯ ಕಾಕಾ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ರಾಮದುರ್ಗ, ಬೈಲಹೊಂಗಲದ ಕಡೆಯ ಶಾಲೆಗಳಲ್ಲಿ ಆವಕ-ಜಾವಕ ವಹಿಯನ್ನು ಒಂದು ಸಾಲೂ ತಪ್ಪದಂತೆ ಬರೆದವರು. ಟಪಾಲು ಯಾವ ತಾರೀಖಿಗೆ ಬಂತು, ಯಾರಿಂದ ಬಂತು, ಉತ್ತರ ಯಾವಾಗ ಹೋಯಿತು ಎಂದು ಕೇಳಿದರೆ ವಹಿ ತೆಗೆದು ಬೆರಳಿಟ್ಟು ತೋರಿಸುತ್ತಿದ್ದರು. ಅಂಥವರು ಮೊನ್ನೆ ಗೋಡೆಯಾಚೆಯಿಂದ ಫೋನು ಚಾಚಿದರು.

“ತಂಗೀ, ಮೊಮ್ಮಗಳ ಹಾಸ್ಟೆಲ್ಲಿನ ಪತ್ರ ಕಳಿಸ್ಯಾರಂತ. ಮೊದಲನೇ ಯಾದಿಯೊಳಗ ಆಕಿ ಹೆಸರು ಇತ್ತಂತ. ಒಪ್ಪಿಗಿ ಬರಲಿಲ್ಲಂತ ಬ್ಯಾರೇದವರಿಗೆ ಕೊಟ್ಟಾರ. ಈ ಫೋನು ಒಂದ ಸಲಾನೂ ಸಪ್ಪಳ ಮಾಡಲಿಲ್ಲ. ಎಲ್ಲಿ ಹೋಗೇತಿ ನೋಡು.”

ನೋಡಿದೆ. ಪತ್ರ ಬಂದು ವಾರ ದಾಟಿತ್ತು. ಆ ಮೇಲ್ ಸೇವೆಯವರು ಬಂದ ಪತ್ರಗಳನ್ನು ತಾವೇ ಬೇರೆ ಬೇರೆ ಖಾನೆಗಳಿಗೆ ಹಂಚುತ್ತಾರೆ. ಹಾಸ್ಟೆಲ್ಲಿನ ಪತ್ರ ಜಾಹೀರಾತುಗಳ ಖಾನೆಯಲ್ಲಿ, ಸೀರೆ ಅಂಗಡಿ ಮತ್ತು ಸಾಲದ ಕಂಪನಿಗಳ ನಡುವೆ ಕೂತಿತ್ತು. ಮೊದಲ ಖಾನೆಗೆ ಬಂದದ್ದಕ್ಕೆ ಮಾತ್ರ ಫೋನು ಸಪ್ಪಳ ಮಾಡಬೇಕು, ಉಳಿದವಕ್ಕೆ ಸುಮ್ಮನಿರಬೇಕು ಎಂದು ಮೊದಲೇ ಇಟ್ಟುಬಿಟ್ಟಿದ್ದರು. ಹಾಗೆ ಇಡಿರಿ ಎಂದು ಕಾಕಾ ಹೇಳಿರಲಿಲ್ಲ. ಹಾಗೆ ಇಟ್ಟಿದ್ದೇವೆ ಎಂದು ಕಾಕಾನಿಗೆ ಯಾರೂ ಹೇಳಿರಲಿಲ್ಲ.

“ನಂದ ತಪ್ಪು ಬಿಡು. ಇಂಥಾವೆಲ್ಲಾ ನಮ್ಮಂಥವರಿಗೆ ತಿಳಿಯೂದಿಲ್ಲ,” ಅಂದರು.

ಆ ಮಾತನ್ನು ನನಗೆ ಸಹಿಸಲಾಗಲಿಲ್ಲ. “ನಿಮ್ಮ ತಪ್ಪು ಹೆಂಗ ಆಗ್ತದ್ರಿ ಕಾಕಾ? ನೀವು ಮುಟ್ಟದಽ ಇದ್ದದ್ದು ನಿಮ್ಮ ತಪ್ಪಾಗೂದಿಲ್ಲ. ಮುಟ್ಟದೇ ಇದ್ದವರಿಗೆ ಹಿಂಗಾಗ್ಲಿ ಅಂತ ಇಟ್ಟವರು ಒಬ್ಬರು ಇದ್ದಾರಲ್ಲ, ಕೇಳಬೇಕಾದ್ದು ಅವರನ್ನ.”

ಡಿಫಾಲ್ಟ್ ಸೆಟ್ಟಿಂಗ್ ಎಂದು ಕಂಪ್ಯೂಟರಿನವರು ಕರೆಯುವುದು ಇದನ್ನೇ. ನಾವು ಏನೂ ಹೇಳದಿದ್ದರೆ ಯಂತ್ರ ಹೇಗೆ ನಡೆಯಬೇಕು ಎಂಬುದನ್ನು ಮಾಡಿದವರು ಮೊದಲೇ ಗೊತ್ತುಮಾಡಿ ಇಟ್ಟಿರುತ್ತಾರೆ. ಬದಲಿಸಬಹುದು, ಬಾಗಿಲು ತೆರೆದೇ ಇರುತ್ತದೆ. ಒಳಗೆ ಹೋಗಿ ಹುಡುಕಬೇಕು ಅಷ್ಟೆ. ನಾನು ಇದನ್ನು ಬಿಡಿಸಿ ಹೇಳುತ್ತಿದ್ದಾಗ ಅಕ್ಕಿ ಆರಿಸುತ್ತ ಕೂತಿದ್ದ ಕಾಕು ತಲೆ ಎತ್ತಿದರು. “ನಮ್ಮ ಅಡಗಿಮನಿ ಉಪ್ಪಿನ ಡಬ್ಬಿ ಇದ್ದಂಗ ಆತಲ್ಲ ಇದು. ನಮ್ಮತ್ತಿ ಎಲ್ಲಿ ಇಟ್ಟಿದ್ರೋ ಇವತ್ತಿಗೂ ಅಲ್ಲೇ ಐತಿ. ನನ್ನ ಕೈಗೆ ಎಟಕಂಗಿಲ್ಲ, ಆದ್ರೂ ಯಾರೂ ಇಳಿಸಿಲ್ಲ.” ಇಷ್ಟು ಸರಳವಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಕಾಕು ಅಂದದ್ದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಜೇರೆಡ್ ಸ್ಪೂಲ್ ತಂತ್ರಾಂಶಗಳನ್ನು ಜನ ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡುವವರು. ಮೈಕ್ರೋಸಾಫ್ಟ್ ವರ್ಡ್ ಬಳಸುವ ನೂರಾರು ಜನರಿಂದ ಅವರ ಸೆಟ್ಟಿಂಗಿನ ಫೈಲುಗಳನ್ನು ತರಿಸಿಕೊಂಡು ನೋಡಿದರು. ಒಂದಾದರೂ ಸೆಟ್ಟಿಂಗ್ ಬದಲಿಸಿದ್ದವರು ನೂರಕ್ಕೆ ಐದು ಮಂದಿಯೂ ಇರಲಿಲ್ಲ. ಬರೆದದ್ದು ತಾನಾಗಿ ಉಳಿಯುವ ಅನುಕೂಲ ಆ ವರ್ಡಿನಲ್ಲಿ ಇತ್ತು, ಆದರೆ ಮೊದಲಿಗೆ ಅದನ್ನು ಬಂದ್ ಮಾಡಿ ಇಟ್ಟಿದ್ದರು. ಕರೆಂಟು ಹೋದರೆ ಬರೆದದ್ದೆಲ್ಲ ಹೋಯಿತು. ಯಾಕೆ ಬದಲಿಸಲಿಲ್ಲ ಎಂದು ಕೇಳಿದಾಗ ಜನ ಹೇಳಿದ ಉತ್ತರ ನಮ್ಮ ಕಾಕಾನ ಉತ್ತರಕ್ಕೆ ಬಹಳ ಹತ್ತಿರದ್ದು: ಮಾಡಿದವರು ತಿಳಿದವರು, ಏನೋ ಕಾರಣವಿದ್ದೇ ಹಾಗೆ ಇಟ್ಟಿರುತ್ತಾರೆ. ಸ್ಪೂಲ್ ಅಷ್ಟಕ್ಕೆ ಬಿಡಲಿಲ್ಲ, ಮೈಕ್ರೋಸಾಫ್ಟಿನವರನ್ನೇ ಕೇಳಿದರು. ಆ ಸೆಟ್ಟಿಂಗಿನ ಫೈಲು ಬರೆದ ಪ್ರೋಗ್ರಾಮರ್ ಎಲ್ಲ ಕಡೆ ಸೊನ್ನೆ ತುಂಬಿಸಿ ಮುಂದೆ ಹೋಗಿದ್ದ, ಸೊನ್ನೆ ಎಂದರೆ ಬಂದ್. ಕಾರಣ ಇಷ್ಟೆ. 2011ರಲ್ಲಿ ಸ್ಪೂಲ್ ಇದನ್ನು ಬರೆದರು. ಯಾರೋ ಯೋಚಿಸಿ ಇಟ್ಟಿದ್ದಾರೆ ಎಂದು ಜಗತ್ತು ನಂಬಿ ನಡೆದದ್ದರ ಹಿಂದೆ ಯೋಚನೆಯೇ ಇರಲಿಲ್ಲ.

“ಅಲ್ಲ, ಯೋಚನಿ ಮಾಡಿ ಇಟ್ಟಾವೂ ಇರ್ತಾವಲ್ಲ?” ಕಾಕಾ ಕೇಳಿದರು.

ಇರುತ್ತವೆ. ಆದರೆ ಯಾರನ್ನು ಕಣ್ಣೆದುರು ಇಟ್ಟುಕೊಂಡು ಯೋಚಿಸಿದರು ಎಂಬುದು ಮುಖ್ಯ. 2004ರ ಏಪ್ರಿಲ್ 1ರಂದು ಜೀಮೇಲ್ ಶುರುವಾದಾಗ ಒಂದು ಪತ್ರವನ್ನೂ ಅದಕ್ಕೆ ಬಂದ ಉತ್ತರಗಳನ್ನೂ ಒಂದೇ ಸಾಲಿನ ಅಡಿಯಲ್ಲಿ ಕಟ್ಟಿಡುವ ಪದ್ಧತಿ ತಂದರು. ದಿನಕ್ಕೆ ನೂರಾರು ಪತ್ರ ನೋಡುವ ಕಚೇರಿಯ ಮನುಷ್ಯನಿಗೆ ಅದು ನಿಜವಾಗಿಯೂ ದೊಡ್ಡ ಉಪಕಾರ. ವಾರಕ್ಕೆ ನಾಲ್ಕು ಪತ್ರ ಬರುವ, ಬಂದ ಒಂದೊಂದನ್ನೂ ಕಾದು ಓದುವ ಮನುಷ್ಯನಿಗೆ? ಆವಕ ವಹಿಯಲ್ಲಿ ಒಂದು ಪತ್ರಕ್ಕೆ ಒಂದು ಸಾಲು, ಒಂದು ನಂಬರು. ಇಲ್ಲಿ ಹೊಸ ಪತ್ರ ಬಂದು ಹಳೆಯದರ ಜೊತೆ ಮಡಚಿಕೊಂಡುಬಿಡುತ್ತದೆ, ಯಾದಿಯಲ್ಲಿ ಸಾಲು ಹೆಚ್ಚುವುದಿಲ್ಲ. ಹೀಗೆ ಕಟ್ಟುವುದು ಬೇಡ ಎನ್ನುವ ಆಯ್ಕೆಯನ್ನು ಕೊಟ್ಟದ್ದು 2010ರ ಸೆಪ್ಟೆಂಬರಿನಲ್ಲಿ, ಆರು ವರ್ಷ ಕಳೆದ ಮೇಲೆ. ಇವತ್ತಿಗೂ ಖಾತೆ ತೆರೆದರೆ ಕಟ್ಟಿಡುವುದೇ ಮೊದಲು. ಬೇಡವಾದವರು ಹುಡುಕಿ ತೆಗೆಯಬೇಕು.

ಕಳಿಸಿದ ಪತ್ರವನ್ನು ವಾಪಸು ಕರೆಯುವ ‘ಅನ್‌ಡೂ’ ಇನ್ನೊಂದು. ಪರೀಕ್ಷೆಗೆಂದು ಹಲವು ವರ್ಷ ಇಟ್ಟು, 2015ರ ಜೂನಿನಲ್ಲಿ ಜೀಮೇಲಿನವರು ಅದನ್ನು ಎಲ್ಲರಿಗೂ ಕೊಟ್ಟರು. ಒಳ್ಳೆಯ ಕೆಲಸ. 5, 10, 20, 30 ಸೆಕೆಂಡು ಎಂದು ನಾಲ್ಕು ಆಯ್ಕೆ ಇವೆ. ನಾವು ಏನೂ ಹೇಳದಿದ್ದರೆ ಸಿಗುವುದು 5 ಸೆಕೆಂಡು. ವಯಸ್ಸಾದವರು ಪತ್ರ ಕಳಿಸಿ, ಚಾಳೀಸು ಏರಿಸಿ, ‘ಅಯ್ಯ, ಹೆಸರು ತಪ್ಪಿತಲ್ಲ’ ಎಂದು ಬೆರಳು ಎತ್ತುವಷ್ಟರಲ್ಲಿ ಆ 5 ಸೆಕೆಂಡು ಮುಗಿದಿರುತ್ತದೆ. 30 ಸೆಕೆಂಡು ಮೊದಲೇ ಇಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಅವಸರದ ಪತ್ರ ಅರ್ಧ ನಿಮಿಷ ತಡವಾಗಿ ಹೋಗುತ್ತಿತ್ತು, ಅಷ್ಟೆ. ಅವಸರ ಇದ್ದವರು ಸೆಟ್ಟಿಂಗ್ ಬಲ್ಲವರು, ಅವರು ಕಡಿಮೆ ಮಾಡಿಕೊಳ್ಳಲಿ. ನಿಧಾನದವರಿಗೆ ಸಮಯ ಮೊದಲೇ ಸಿಗಲಿ. ಈ ವಿಷಯದಲ್ಲಿ ನನ್ನ ಮಾತೆಲ್ಲ ಇಷ್ಟೇ: ಸೆಟ್ಟಿಂಗಿನ ಒಳಗೆ ಎಂದೂ ಕಾಲಿಡದವನನ್ನು ಕಣ್ಣೆದುರು ಕೂರಿಸಿಕೊಂಡು ಸೆಟ್ಟಿಂಗ್ ಇಡಬೇಕು. ಬಲ್ಲವನು ಹೇಗೂ ತನ್ನದನ್ನು ತಾನು ಸರಿಮಾಡಿಕೊಳ್ಳುತ್ತಾನೆ.

ಕನ್ನಡದವರಾಗಿ ನಾವು ಇದನ್ನು ಮರೆಯಲೇಬಾರದು. ಯಾಕೆಂದರೆ ಒಂದು ಟಿಕ್ಕಿನಿಂದ ನಮ್ಮ ಲಿಪಿಯೇ ಪತ್ರದಿಂದ ಹೊರಗೆ ಉಳಿದದ್ದು ಬಹಳ ಹಿಂದಿನ ಕತೆಯೇನಲ್ಲ.

2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ನಮ್ಮ ಜಿಲ್ಲೆಯ ತಾಲೂಕು ಊರುಗಳಲ್ಲಿ ಸೈಬರ್ ಕೆಫೆ ತೆರೆದ ಕಾಲದ ಯಂತ್ರಗಳೆಂದರೆ ಹೆಚ್ಚಾಗಿ ಅವೇ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೇ ಲೆಕ್ಕದಲ್ಲಿ ಸಂಖ್ಯೆ ಕೊಡುವ ಯುನಿಕೋಡಿನ ಕನ್ನಡ ಅದಕ್ಕೆ ಗೊತ್ತಿತ್ತು. ‘ತುಂಗಾ’ ಎಂಬ ಕನ್ನಡ ಫಾಂಟೂ ಅದರ ಜೊತೆ ಬಂದಿತ್ತು. ಎಲ್ಲ ಇದ್ದೂ ಪರದೆಯ ಮೇಲೆ ಕನ್ನಡ ಬರುತ್ತಿರಲಿಲ್ಲ, ಬರಿಯ ಚೌಕ ಚೌಕ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಪ್ರಾದೇಶಿಕ ಭಾಷೆಗಳ ಆಯ್ಕೆ ತೆರೆದು, ಎರಡನೆಯ ಪುಟದಲ್ಲಿ ಒಂದು ಚೌಕಕ್ಕೆ ಟಿಕ್ಕು ಹಾಕಬೇಕಿತ್ತು. ಆ ಚೌಕದ ಪಕ್ಕ ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ ಇದು: ಸಂಕೀರ್ಣ ಲಿಪಿಗಳು ಮತ್ತು ಬಲದಿಂದ ಎಡಕ್ಕೆ ಬರೆಯುವ ಭಾಷೆಗಳ ಫೈಲುಗಳನ್ನು, ಥಾಯ್ ಸೇರಿದಂತೆ, ಹಾಕಿಕೊಳ್ಳಿ. ಅದರಲ್ಲಿ ಕನ್ನಡದ ಹೆಸರಿಲ್ಲ, ಭಾರತದ ಹೆಸರೂ ಇಲ್ಲ. ಕನ್ನಡ ಓದಬೇಕೆಂದು ಹುಡುಕಿ ಹೋದವನಿಗೆ ಇದು ತನ್ನ ಭಾಷೆಯ ಬಾಗಿಲು ಎಂದು ತಿಳಿಯುವುದು ಹೇಗೆ? ತಿಳಿದು ಟಿಕ್ಕು ಹಾಕಿದರೂ ವಿಂಡೋಸಿನ ಸಿ.ಡಿ. ಹಾಕು ಎಂದು ಕೇಳುತ್ತಿತ್ತು. ಸಿ.ಡಿ. ಅಂಗಡಿಯವನ ಹತ್ತಿರ. ಯಂತ್ರದ ಪಾಸ್‌ವರ್ಡು ಕೆಫೆಯವನ ಹತ್ತಿರ. ಆ ಫೈಲುಗಳು ಕೇಳುತ್ತಿದ್ದ ಜಾಗ ಎಷ್ಟು? ಸುಮಾರು 10 ಎಂ.ಬಿ. ಹತ್ತಿಪ್ಪತ್ತು ಜಿ.ಬಿ. ಡಿಸ್ಕು ಇರುತ್ತಿದ್ದ ಯಂತ್ರದಲ್ಲಿ 10 ಎಂ.ಬಿ. ಉಳಿಸಲಿಕ್ಕೆ ಭಾರತದ ಲಿಪಿಗಳನ್ನು ಹೊಸ್ತಿಲ ಹೊರಗೆ ಕೂರಿಸಿದರು.

ಕಳಿಸುವ ಕಡೆಯೂ ಹಾಗೆಯೇ ಇತ್ತು. ಆಗಿನ ಔಟ್‌ಲುಕ್ ಎಕ್ಸ್‌ಪ್ರೆಸ್ ಪತ್ರದ ಅಕ್ಷರಗಳನ್ನು ಪಶ್ಚಿಮ ಯುರೋಪಿನ ಭಾಷೆಗಳ ಲೆಕ್ಕದಲ್ಲಿ ಕಳಿಸಲು ಹೊರಡುತ್ತಿತ್ತು. ಕನ್ನಡ ಬರೆದು ಕಳಿಸು ಎಂದರೆ ಒಂದು ಪ್ರಶ್ನೆ ಮೇಲೇಳುತ್ತಿತ್ತು: ಯುನಿಕೋಡಿನಲ್ಲಿ ಕಳಿಸಲೋ, ಇದ್ದ ಹಾಗೆ ಕಳಿಸಲೋ? ಯುನಿಕೋಡ್ ಎಂದರೇನೆಂದು ತಿಳಿಯದವರು ‘ಇದ್ದ ಹಾಗೆ’ ಎನ್ನುವುದು ಸಹಜ. ಬರೆದದ್ದು ಬರೆದ ಹಾಗೇ ಹೋಗಲಿ ಎಂದು ತಾನೆ ಎಲ್ಲರ ಆಸೆ? ಹಾಗೆ ಒತ್ತಿದರೆ ಆ ಕಡೆ ತಲುಪುತ್ತಿದ್ದದ್ದು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಹುಟ್ಟಿದ ಸುದ್ದಿ, ಸತ್ತ ಸುದ್ದಿ, ಮದುವೆಯ ಕರೆಯೋಲೆ, ಎಲ್ಲವೂ ಪ್ರಶ್ನಾರ್ಥಕ ಚಿಹ್ನೆ.

ಆಗ ನಮ್ಮವರು ಸುಮ್ಮನೆ ಕೂರಲಿಲ್ಲ. ಶೇಷಾದ್ರಿ ವಾಸು ಅವರ ‘ಬರಹ’ 1998ರಲ್ಲೇ ಬಂದಿತ್ತು. ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಿತು. ಲಕ್ಷಾಂತರ ಜನ ಕಂಪ್ಯೂಟರಿನಲ್ಲಿ ಮೊದಲ ಕನ್ನಡ ಅಕ್ಷರ ಮೂಡಿಸಿದ್ದು ಇವುಗಳಿಂದ. ಆದರೆ ಯುನಿಕೋಡ್ ಅಲ್ಲದ ಆ ಫಾಂಟುಗಳಲ್ಲಿ ಬರೆದ ಪತ್ರ, ಆ ಫಾಂಟು ಇಲ್ಲದವರ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಹಾಗಾಗಿ ಪತ್ರವನ್ನು ಪಿ.ಡಿ.ಎಫ್. ಮಾಡಿ ಕಳಿಸಿದರು, ಚಿತ್ರ ಮಾಡಿ ಕಳಿಸಿದರು. ಅದೂ ಬೇಡವೆಂದು ಕೊನೆಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯತೊಡಗಿದರು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಟಿಕ್ಕು ಹಾಕದೆಯೇ ಕನ್ನಡ ಕಂಡಿತು. ಎಕ್ಸ್‌ಪಿ ಯಂತ್ರಗಳು ಮಾತ್ರ ನಮ್ಮ ಕಡೆ ಮತ್ತೂ ಎಷ್ಟೋ ವರ್ಷ ನಡೆದವು. ಅಷ್ಟರಲ್ಲಿ ಒಂದು ತಲೆಮಾರಿನ ಬೆರಳಿಗೆ ‘ಹೇಗಿದ್ದೀರಿ’ ಎಂಬುದನ್ನು ರೋಮನ್ ಅಕ್ಷರದಲ್ಲಿ ಒತ್ತುವ ರೂಢಿ ಬಿದ್ದುಹೋಗಿತ್ತು. ಇವತ್ತು ಕೈಯಲ್ಲಿರುವ ಫೋನಿನಲ್ಲಿ ಕನ್ನಡ ಸಲೀಸಾಗಿ ಬರುತ್ತದೆ, ಆದರೂ ಆ ರೂಢಿ ಬಿಟ್ಟಿಲ್ಲ. ಕನ್ನಡಿಗರಿಗೆ ಅಭಿಮಾನವಿಲ್ಲ ಎಂದು ಯಾರಾದರೂ ದೂರಿದಾಗ ನನಗೆ ಆ ಚೌಕ ನೆನಪಾಗುತ್ತದೆ. ಅಭಿಮಾನ ಇದ್ದವರೂ ಆ ಎರಡನೆಯ ಪುಟದ ತನಕ ಹೋಗಬೇಕಿತ್ತಲ್ಲ.

“ಮತ್ತ ಈಗ ಎಲ್ಲಾ ಸರಿ ಆಗೇತಲ್ಲ?” ಅಂದರು ಕಾಕಾ.

“ಕಾಣೂದು ಸರಿ ಆಗೇತ್ರಿ. ಬರಿಯೂದು ಇನ್ನೂ ಆಗಿಲ್ಲ.”

ಅದನ್ನೂ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತ ಬಹಳ ಜನಕ್ಕೆ ಗೊತ್ತಿರುವುದು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ. ‘ನುಡಿ’ಯಲ್ಲಿರುವುದೂ ಅದೇ, ಸರಕಾರ ಒಪ್ಪಿದ್ದೂ ಅದನ್ನೇ. ‘ಪ’ ಬೇಕಾದರೆ ‘ಪಿ’ ಒತ್ತಬೇಕು, ‘ರ’ ಬೇಕಾದರೆ ‘ಆರ್’. ಆದರೆ ವಿಂಡೋಸಿಗೆ ಕನ್ನಡ ಸೇರಿಸಿದರೆ ಮೊದಲಿಗೆ ಸಿಗುವುದು ಇನ್‌ಸ್ಕ್ರಿಪ್ಟ್ ಕೀಲಿಮಣೆ. ಅದು ಭಾರತದ ಎಲ್ಲ ಲಿಪಿಗಳಿಗೂ ಒಂದೇ ಕ್ರಮ ಇರಲಿ ಎಂದು ಮಾಡಿದ್ದು, ಕಲಿತವರಿಗೆ ಚಲೋ. ಅಲ್ಲಿ ‘ಪ’ ಇರುವುದು ‘ಎಚ್’ ಕೀಲಿಯಲ್ಲಿ. ‘ಪಿ’ ಒತ್ತಿದರೆ ಬರುವುದು ‘ಜ’. ಪಂಚಾಯಿತಿಯ ಹುಡುಗನೊಬ್ಬ ಮೇಲಿನಲ್ಲಿ ‘ಪಂಚಾಯಿತಿ’ ಎಂದು ಬರೆಯಲು ಹೋಗಿ ಬೇರೇನೋ ಮೂಡಿದರೆ, ಈ ಯಂತ್ರದಲ್ಲಿ ಕನ್ನಡ ಕೆಟ್ಟಿದೆ ಎಂದು ಇಂಗ್ಲಿಷಿಗೆ ಹೊರಳುತ್ತಾನೆ. ಅವನಿಗೆ ಬೇಕಾದ ಕೀಲಿಮಣೆ ಉಂಟು. ಆದರೆ ಅದನ್ನು ತಂದು ಹಾಕುವ ಕೆಲಸ ಅವನ ತಲೆಯ ಮೇಲೆ.

ಕಾಕು ಅಕ್ಕಿ ಮೊರ ಕೆಳಗಿಟ್ಟು, “ಅದು ಹೋಗಲಿ, ಈ ಮೋಸದ ಫೈಲು ಬರ್ತಾವಲ್ಲ, ಅವನ್ನ ಗುರುತು ಹಿಡಿಯೂದು ಹೆಂಗ?” ಎಂದರು. ಆ ಪ್ರಶ್ನೆಯೂ ಇದೇ ದಾರಿಗೆ ಬಂದು ಕೂಡುತ್ತದೆ.

2000ದ ಮೇ 4ರಂದು ಫಿಲಿಪೈನ್ಸ್‌ನಿಂದ ಹೊರಟ ಒಂದು ಮೇಲು ಕೆಲವೇ ಗಂಟೆಗಳಲ್ಲಿ ಜಗತ್ತು ಸುತ್ತಿತು. ವಿಷಯದ ಸಾಲಿನಲ್ಲಿ ‘ಐ ಲವ್ ಯೂ’. ಜೊತೆಗೆ ಪ್ರೇಮಪತ್ರ ಎಂಬ ಹೆಸರಿನ ಒಂದು ಫೈಲು. ಹೆಸರಿನ ಕೊನೆಗೆ ‘ಟಿ.ಎಕ್ಸ್.ಟಿ.’, ಅಂದರೆ ಬರೀ ಅಕ್ಷರಗಳ ಫೈಲು ಎಂದು ಕಾಣುತ್ತಿತ್ತು. ನಿಜವಾಗಿ ಅದರ ಆಚೆ ‘ವಿ.ಬಿ.ಎಸ್.’ ಎಂಬ ಇನ್ನೊಂದು ಬಾಲ ಇತ್ತು, ಅಂದರೆ ತೆರೆದ ಕೂಡಲೇ ಓಡುವ ಪ್ರೋಗ್ರಾಮು. ಆ ಕೊನೆಯ ಬಾಲವನ್ನು ಬಚ್ಚಿಡುವುದು ವಿಂಡೋಸಿನ ಡಿಫಾಲ್ಟು. ಪ್ರೇಮಪತ್ರ ಎಂದು ತೆರೆದವರ ಔಟ್‌ಲುಕ್‌ನಲ್ಲಿದ್ದ ವಿಳಾಸಗಳಿಗೆಲ್ಲ ಅದೇ ಪತ್ರ ಅವರ ಹೆಸರಿನಲ್ಲೇ ಹೋಯಿತು. ಯಂತ್ರದಲ್ಲಿದ್ದ ಫೋಟೋಗಳ ಫೈಲುಗಳು ಹಾಳಾದವು, ಹಾಡುಗಳ ಫೈಲುಗಳು ಮರೆಯಾದವು. ಬ್ರಿಟನ್ನಿನ ಪಾರ್ಲಿಮೆಂಟು ಕೂಡ ತನ್ನ ಮೇಲ್ ವ್ಯವಸ್ಥೆಯನ್ನು ಬಂದ್ ಮಾಡಬೇಕಾಯಿತು. ಜನ ಯಾಕೆ ಕಂಡಕಂಡದ್ದನ್ನು ತೆರೆದರು ಎಂದು ಬೈದವರು ಬಹಳ. ಬಾಲ ಯಾಕೆ ಬಚ್ಚಿಟ್ಟಿರಿ ಎಂದು ಕೇಳಿದವರು ಕಡಿಮೆ. ಅದಾದ ಮೇಲೆ ಅದೇ ವರ್ಷದ ಜೂನಿನಲ್ಲಿ ಮೈಕ್ರೋಸಾಫ್ಟ್ ಔಟ್‌ಲುಕ್‌ಗೆ ಒಂದು ತಿದ್ದುಪಡಿ ಕೊಟ್ಟಿತು. ಓಡುವ ಫೈಲುಗಳನ್ನು ಬಳಸುವವರು ಕೇಳಲಿ ಬಿಡಲಿ, ಅದು ತಡೆಯುತ್ತಿತ್ತು. ಎಚ್ಚರವಾಗಿರಿ ಎಂದು ಕೋಟಿ ಜನಕ್ಕೆ ಹೇಳುವುದಕ್ಕಿಂತ ಒಂದು ಟಿಕ್ಕು ಸರಿ ಜಾಗದಲ್ಲಿ ಇಟ್ಟದ್ದರಿಂದ ಆದ ಕೆಲಸ ದೊಡ್ಡದು. ಫೈಲಿನ ಬಾಲ ಬಚ್ಚಿಡುವ ರೂಢಿ ಮಾತ್ರ ವಿಂಡೋಸ್ 11ರಲ್ಲೂ ಹಾಗೇ ಇದೆ. ಕಾಕುಗೆ ನಾನು ಹೇಳಿದ್ದು ಇಷ್ಟೆ: ಫೈಲಿನ ಪೂರ್ತಿ ಹೆಸರು ತೋರಿಸು ಎಂಬ ಟಿಕ್ಕು ಹಾಕಿಕೊಡುತ್ತೇನೆ, ಬಾಲ ನೋಡಿ ಆಮೇಲೆ ತೆರೆಯಿರಿ.

ಚಲೋ ಡಿಫಾಲ್ಟಿನ ಉಪಕಾರ ಎಂಥದ್ದು ಎಂಬುದಕ್ಕೆ ನನಗೆ ಇನ್ನೊಂದು ಉದಾಹರಣೆ ಬಹಳ ಹಿಡಿಸುತ್ತದೆ. ಜೀಮೇಲ್ ಪತ್ರಗಳು ನಮ್ಮ ಯಂತ್ರದಿಂದ ಜೀಮೇಲಿನವರ ಯಂತ್ರಕ್ಕೆ ಹೋಗುವಾಗ ದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿಯಲ್ಲಿ ಹೋಗುವ ವ್ಯವಸ್ಥೆಗೆ ಎಚ್.ಟಿ.ಟಿ.ಪಿ.ಎಸ್. ಎನ್ನುತ್ತಾರೆ. ಅದನ್ನು ಸದಾ ಬಳಸುವ ಆಯ್ಕೆಯನ್ನು 2008ರಲ್ಲಿ ಕೊಟ್ಟರು, ಆದರೆ ಬೇಕಾದವರು ತಾವೇ ಹಾಕಿಕೊಳ್ಳಬೇಕಿತ್ತು. ಸೈಬರ್ ಕೆಫೆಯ ಬೆಂಚಿನ ಮೇಲೆ ಕೂತು ಅರ್ಜಿ ಕಳಿಸುತ್ತಿದ್ದ ಹುಡುಗ ಹುಡುಗಿಯರಿಗೆ ಅದೆಲ್ಲಿ ಗೊತ್ತು? 2010ರ ಜನವರಿಯಲ್ಲಿ ಅದನ್ನೇ ಎಲ್ಲರಿಗೂ ಡಿಫಾಲ್ಟ್ ಮಾಡಿದರು. ಒಂದು ರಾತ್ರಿಯಲ್ಲಿ ಹೂಲಿಯವರ ಪತ್ರಕ್ಕೂ ಲಂಡನ್ನಿನವರ ಪತ್ರಕ್ಕೂ ಒಂದೇ ಕಾವಲು ಬಂತು. ಇಲ್ಲಿ ಯಾರೂ ಏನೂ ಕಲಿಯಬೇಕಾಗಲಿಲ್ಲ, ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ. ಹೀಗೆ ಇಡಲು ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಹಾಗಿದ್ದಮೇಲೆ ಇಡದಿದ್ದಾಗ ಕೇಳುವ ಹಕ್ಕು ನಮಗಿದೆ.

ಕೇಳಿದವರಿಗೆ ಸಿಕ್ಕಿದ್ದೂ ಉಂಟು. ಜರ್ಮನಿಯ ಒಂದು ಆನ್‌ಲೈನ್ ಲಾಟರಿ ಕಂಪನಿ, ನಿಮ್ಮ ಯಂತ್ರದಲ್ಲಿ ಕುಕೀ (ಜಾಲದಲ್ಲಿ ನಿಮ್ಮ ಓಡಾಟ ಗುರುತಿಡುವ ಸಣ್ಣ ಫೈಲು) ಇಡಲು ಒಪ್ಪಿದ್ದೀರಿ ಎಂಬ ಚೌಕಕ್ಕೆ ತಾನೇ ಟಿಕ್ಕು ಹಾಕಿ ಇಟ್ಟಿತ್ತು. ಬೇಡವಾದವರು ತೆಗೆಯಬೇಕಿತ್ತು. ಆ ವ್ಯಾಜ್ಯ ಯುರೋಪಿನ ಮೇಲಿನ ನ್ಯಾಯಾಲಯದವರೆಗೆ ಹೋಯಿತು. 2019ರ ಅಕ್ಟೋಬರ್ 1ರಂದು ತೀರ್ಪು ಬಂತು: ಮೊದಲೇ ಹಾಕಿಟ್ಟ ಟಿಕ್ಕು ಒಪ್ಪಿಗೆಯಲ್ಲ. ಇಂಥದ್ದೇ ಇನ್ನೊಂದು: ನಮ್ಮ ಪತ್ರಗಳನ್ನು ಯಂತ್ರ ಓದಿ ಸಲಹೆ ಕೊಡುವ ಜೀಮೇಲಿನ ‘ಸ್ಮಾರ್ಟ್’ ಅನುಕೂಲಗಳು ಯುರೋಪಿನ ಒಕ್ಕೂಟದಲ್ಲಿ, ಬ್ರಿಟನ್ನಿನಲ್ಲಿ, ಜಪಾನಿನಲ್ಲಿ ಮೊದಲಿಗೆ ಬಂದ್ ಇರುತ್ತವೆ. ಬೇಕಾದವರು ಹಚ್ಚಿಕೊಳ್ಳುತ್ತಾರೆ. ಅದೇ ಕಂಪನಿ, ಅದೇ ತಂತ್ರಾಂಶ, ನೆಲ ಬದಲಾದರೆ ಟಿಕ್ಕು ಬದಲಾಗುತ್ತದೆ. ಅಂದಮೇಲೆ ಅದು ಯಂತ್ರದ ಗುಣ ಎಂದು ಸುಮ್ಮನಾಗಬೇಕಿಲ್ಲ. ಮನುಷ್ಯರು ಇಟ್ಟದ್ದು, ಮನುಷ್ಯರು ಕೇಳಿದರೆ ಬದಲಾಗುವಂಥದ್ದು.

ನಮ್ಮ ದೇಶದಲ್ಲೂ ಹೆಜ್ಜೆ ಇಟ್ಟಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಒಪ್ಪಿಗೆ ಎಂಬುದು ಮನುಷ್ಯ ತಾನೇ ಮುಂದಾಗಿ ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಇರಬೇಕು, ಎಂದರೆ ಕನ್ನಡದಲ್ಲೂ. ಅದೇ ವರ್ಷದ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಟ್ಟು ತಡೆದಿದೆ. ನಾವು ಕೇಳದ ವಸ್ತುವನ್ನು ಬಿಲ್ಲಿಗೆ ತಾನಾಗಿ ಸೇರಿಸುವುದು ಅದರಲ್ಲೊಂದು.

“ಹಂಗಾದ್ರ ನಮ್ಮ ಹಾಸ್ಟೆಲ್ಲಿನ ಪತ್ರಕ್ಕೂ ಕಾಯ್ದೆ ಐತೇನು?”

ಇಲ್ಲ, ಕಾಕಾ. ಕಾಯಿದೆ ಹಿಡಿಯುವುದು ಮೋಸವನ್ನು. ಒಂದು ಪತ್ರಕ್ಕೆ ಫೋನು ಸಪ್ಪಳ ಮಾಡದಿದ್ದದ್ದು ಮೋಸವಲ್ಲ, ಅಲಕ್ಷ್ಯ. ಇಂಥ ಅಲಕ್ಷ್ಯವನ್ನು ಈ ಕಾಯಿದೆಗಳು ಹಿಡಿಯುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಮಾಡುವವರ ಕಾಳಜಿ ಮತ್ತು ಬಳಸುವವರ ದನಿ ಎರಡೇ. ‘ಬದಲಿಸಲು ಅವಕಾಶ ಕೊಟ್ಟಿದ್ದೇವಲ್ಲ’ ಎಂದು ಮಾಡುವವರು ಹೇಳುತ್ತಾರೆ. ಅವಕಾಶ ಇದೆ ಎಂದು ಗೊತ್ತಿರಬೇಕು, ಎಲ್ಲಿದೆ ಎಂದು ತಿಳಿದಿರಬೇಕು, ಬರೆದ ಇಂಗ್ಲಿಷು ಅರ್ಥವಾಗಬೇಕು, ಏನಾದರೂ ಕೆಟ್ಟೀತು ಎಂಬ ಭಯ ಇರಬಾರದು. ಇಷ್ಟೂ ಇದ್ದವನಿಗೆ ಮಾತ್ರ ಅದು ಅವಕಾಶ.

ಇನ್ನೊಂದು ಮಾತು ನಮ್ಮ ಕೈಯಳತೆಯಲ್ಲೇ ಇರುವಂಥದ್ದು. ಡಿಫಾಲ್ಟ್ ಇಡುವವರು ಅಮೆರಿಕದಲ್ಲಿ ಮಾತ್ರ ಇಲ್ಲ. ಶಾಲೆಗೆ, ಪಂಚಾಯಿತಿಗೆ, ಸಹಕಾರ ಸಂಘಕ್ಕೆ ಹೊಸ ಕಂಪ್ಯೂಟರು ಬಂದ ದಿನ ವಾಯರು ಜೋಡಿಸಿ, ಕರೆಂಟು ಹಚ್ಚಿ, ಸಹಿ ತೆಗೆದುಕೊಂಡು ಹೋಗುತ್ತಾರಲ್ಲ, ಅವರೂ ಡಿಫಾಲ್ಟ್ ಇಡುವವರೇ. ಅವರು ಬಿಟ್ಟುಹೋದ ಹಾಗೆಯೇ ಆ ಯಂತ್ರ ಮುರಿದು ಮೂಲೆ ಸೇರುವವರೆಗೂ ನಡೆಯುತ್ತದೆ. ಪರದೆಯ ಭಾಷೆ ಕನ್ನಡ, ಸರಕಾರ ಒಪ್ಪಿದ ಕೀಲಿಮಣೆ, ಕಣ್ಣಿಗೆ ಹಿಡಿಸುವ ದೊಡ್ಡ ಅಕ್ಷರ, ಫೈಲಿನ ಪೂರ್ತಿ ಹೆಸರು, ಎಲ್ಲ ಖಾನೆಯ ಪತ್ರಕ್ಕೂ ಸೂಚನೆ: ಇಷ್ಟು ಮಾಡಿಕೊಟ್ಟ ಮೇಲೆಯೇ ಪಾವತಿಗೆ ಸಹಿ ಎಂದು ಖರೀದಿಯ ಕರಾರಿನಲ್ಲಿ ಒಂದು ಸಾಲು ಬರೆದರೆ ರಾಜ್ಯದ ಸಾವಿರಾರು ಕಚೇರಿಗಳ ಕನ್ನಡ ಪತ್ರವ್ಯವಹಾರ ಮೊದಲ ದಿನದಿಂದಲೇ ಸಲೀಸಾಗುತ್ತದೆ. ಅದಕ್ಕೆ ಹಣ ಬೇಕಿಲ್ಲ. ಪತ್ರ ಕಳಿಸುವ ಕಾಲೇಜು, ಕಚೇರಿಗಳೂ ಮೇಲಿನ ಜೊತೆ ಒಂದು ಎಸ್.ಎಂ.ಎಸ್. ಕಳಿಸುವುದನ್ನು ರೂಢಿ ಮಾಡಿಕೊಳ್ಳಲಿ. ಕಳಿಸಿದ ಕೂಡಲೇ ಹೊಣೆ ತೀರಿತು ಎಂದುಕೊಳ್ಳಬಾರದು.

ಮನೆಯ ಮಟ್ಟಿಗೆ ಇನ್ನೂ ಸುಲಭ. ಮನೆಯಲ್ಲಿ ಕಾಲೇಜಿಗೆ ಹೋಗುವವರಿದ್ದರೆ ಹಿರಿಯರ ಫೋನು ಹಿಡಿದು ಒಂದು ಸಂಜೆ ಕೂರಲಿ. ಖಾನೆ ಹಂಚುವುದು ಬೇಡವೆಂದರೆ ತೆಗೆಯಲಿ. ಕಂಪ್ಯೂಟರಿನಲ್ಲಿ ಜೀಮೇಲ್ ತೆರೆದು ‘ಅನ್‌ಡೂ’ ಸಮಯ 30 ಸೆಕೆಂಡು ಮಾಡಲಿ. ಜೀಮೇಲನ್ನು ಕನ್ನಡದಲ್ಲೇ ನೋಡಬಹುದು, ಭಾಷೆ ಬದಲಿಸಿಕೊಡಲಿ. ಗೂಗಲ್ ಪುಕ್ಕಟೆ ಕೊಡುವ 15 ಜಿ.ಬಿ. ಜಾಗದಲ್ಲಿ ಪತ್ರದ ಜೊತೆ ಫೋಟೋ, ವಿಡಿಯೋಗಳೂ ಪಾಲು ಕೇಳುತ್ತವೆ. 2021ರ ಜೂನ್ 1ರ ಮೇಲೆ ಏರಿಸಿದ ಎಲ್ಲ ಫೋಟೋಗೂ ಈ ಲೆಕ್ಕ. ಜಾತ್ರೆಯ ವಿಡಿಯೋ ತುಂಬಿ ಜಾಗ ಮುಗಿದರೆ ಹೊಸ ಪತ್ರ ಬರುವುದೇ ನಿಲ್ಲುತ್ತದೆ. ಅದನ್ನೊಮ್ಮೆ ನೋಡಿ ಬೇಡದ್ದು ತೆಗೆಯಲಿ. ಸ್ಪ್ಯಾಮ್ ಖಾನೆಯ ಪತ್ರ 30 ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ, ವಾರಕ್ಕೊಮ್ಮೆ ಅಲ್ಲಿ ಇಣುಕುವುದನ್ನು ತೋರಿಸಿಕೊಡಲಿ. ಹೀಗೆ ಕೂತು ಮಾಡಿಕೊಟ್ಟದ್ದನ್ನು ಹಿರಿಯರು ಮರೆಯುವುದಿಲ್ಲ, ಬಹಳ ಕಾಲ ಹರಸುತ್ತಾರೆ.

ಮೊಮ್ಮಗಳ ಹೆಸರು ಹಾಸ್ಟೆಲ್ಲಿನ ಎರಡನೆಯ ಯಾದಿಗೆ ಕಾಯುತ್ತಿದೆ. ಈ ಸಲ ಯಾವ ಖಾನೆಗೆ ಬಿದ್ದರೂ ಫೋನು ಸಪ್ಪಳ ಮಾಡುತ್ತದೆ, ಅಷ್ಟನ್ನು ಗೋಡೆಯ ಮೇಲೆ ಫೋನಿಟ್ಟೇ ಮಾಡಿಕೊಟ್ಟೆ. ಕಾಕಾ ಅದನ್ನು ಕೈಗೆ ತೆಗೆದುಕೊಂಡು, “ಆ ಕಂಪನಿಯವರಿಗೆ ಒಂದ ಪತ್ರ ಬರೀಬೇಕಲ್ಲ ತಂಗಿ, ಹಿಂಗ ಇಡಬ್ಯಾಡ್ರಿ ಅಂತ. ಓದ್ತಾರೇನು?” ಎಂದರು. ಓದುತ್ತಾರೆ ಕಾಕಾ, ಬಹಳ ಮಂದಿ ಬರೆದರೆ ಓದುತ್ತಾರೆ. ಬರೆಯೋಣ. ಕನ್ನಡದಲ್ಲೇ ಬರೆಯೋಣ.